ಕಾಳಿಯ ಅಳಿವೆಯ ದೋಣಿಯುತ್ಸವ

ಉತ್ತರ ಕನ್ನಡ ಜಿಲ್ಲೆಯ ಇತಿಹಾಸವನ್ನು ಬರೆದವರು ಕೋಟೆ ಕೊತ್ತಲಗಳನ್ನೂ, ಶಿಲಾಶಾಸನಗಳನ್ನೂ, ಮೆಣಸಿನ ವ್ಯಾಪಾರವನ್ನೂ, ಪರದೇಶೀಯರ ವಖಾರಿಗಳನ್ನೂ ಕುರಿತು ಸಾಕಷ್ಟು ಶ್ರಮಪಟ್ಟಿದ್ದಾರೆ. ಆದರೆ ಆ ಸೀಮೆಯ ಜನರು ನೀರಿನ ಮೇಲೆ ಆಚರಿಸುತ್ತ ಬಂದಿರುವ ಉತ್ಸವಗಳ ಕಡೆಗೆ ಐತಿಹಾಸಿಕರ ದೃಷ್ಟಿ ಹೆಚ್ಚಾಗಿ ಹರಿದಂತೆ ಕಾಣುವುದಿಲ್ಲ. ಇವು ದೇವತಾಕಾರ್ಯಗಳು, ಇವುಗಳಲ್ಲಿ ಇತಿಹಾಸವೇನಿದೆ ಎಂಬ ಭಾವನೆಯೇ ಇದಕ್ಕೆ ಕಾರಣವಾಗಿರಬಹುದು. ಕಾಳೀನದಿಯ ಅಳಿವೆಯಿಂದ ಕೂರ್ಮಗಡ ದ್ವೀಪಕ್ಕೆ ಪುಷ್ಯ ಶುದ್ಧ ಪೂರ್ಣಿಮೆಯ ದಿನ ಹೊರಡುವ ದೋಣಿಗಳ ಯಾತ್ರೆಯನ್ನು ದಡದಲ್ಲಿ ನಿಂತು ನೋಡಿದವನಿಗೆ ಈ ಭಾವನೆಯು ಸರಿಯಲ್ಲವೆಂದು ತೋರದೆ ಇರದು. ಗಾಳಿ ನೀರುಗಳನ್ನು ಕುರಿತು ಶತಮಾನಗಳಿಂದ ಕೂಡಿಟ್ಟ ಅರಿವು ಈ ಉತ್ಸವದ ತಿಥಿಯಲ್ಲಿಯೇ ಅಡಗಿರುತ್ತದೆ. ಆ ಅರಿವಿನ ಒಂದು ಭಾಗವು ಪಂಚಾಂಗದಲ್ಲಿ ಉಳಿಯಿತು. ಇನ್ನೊಂದು ಭಾಗವು ಅಂಬಿಗರ ನೆನಪಿನಲ್ಲಿ ಮಾತ್ರ ಉಳಿಯಿತು. ಈ ಎರಡು ಭಾಗಗಳು ಬೇರ್ಪಟ್ಟುದರ ಫಲವೇನೆಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶವು.

ಮೊದಲು ಸ್ಥಳದ ಪರಿಚಯ. ಡಿಗ್ಗಿಯ ಬಳಿ ಸಹ್ಯಾದ್ರಿಯಲ್ಲಿ ಹುಟ್ಟಿ ಸುಮಾರು ೧೮೪ ಕಿಲೋಮೀಟರು ಹರಿದುಬರುವ ಕಾಳೀನದಿಯು ಕಾರವಾರ ಪಟ್ಟಣದ ಉತ್ತರಕ್ಕೆ ಸಮುದ್ರವನ್ನು ಸೇರುತ್ತದೆ. ಅಳಿವೆಯ ಬಡಗಣ ದಡದಲ್ಲಿ ಸೋದೆಯ ಅರಸರು ಕಟ್ಟಿಸಿದ ಸದಾಶಿವಗಡವು ಗುಡ್ಡದ ಮೇಲೆ ನಿಂತಿದೆ. ತೆಂಕಣ ದಡದಲ್ಲಿ ಕೋಡಿಬಾಗವಿದೆ. ಇದಿರಿಗೆ ಕಡಲಲ್ಲಿ ಆಮೆಯ ಬೆನ್ನಿನಂತೆ ತೋರುವ ದ್ವೀಪವೇ ಕೂರ್ಮಗಡ. ಅದರ ಆಚೆಗೆ ದೇವಗಡವೆಂಬ ಬಂಡೆಯ ದ್ವೀಪವಿದ್ದು, ಅದರ ಮೇಲೆ ೧೮೬೪ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಇನ್ನೂ ದಕ್ಷಿಣಕ್ಕೆ ಅಂಜದೀವ. ಈ ದ್ವೀಪಗಳ ಸಾಲಿನಿಂದಲೇ ಕಾರವಾರದ ಕೊಲ್ಲಿಗೆ ಪಶ್ಚಿಮ ಕರಾವಳಿಯ ಒಳ್ಳೆಯ ಬಂದರವೆಂಬ ಹೆಸರು ಬಂದಿರುವುದು.

ಕೂರ್ಮಗಡದಲ್ಲಿ ನರಸಿಂಹದೇವರ ಸಣ್ಣ ಗುಡಿಯುಂಟು. ವರ್ಷದ ಉಳಿದ ದಿನಗಳಲ್ಲಿ ಅಲ್ಲಿ ಜನಸಂದಣಿಯಿಲ್ಲ. ಪುಷ್ಯದ ಹುಣ್ಣಿಮೆಯ ದಿನ ಮಾತ್ರ ಹರಿಕಂತ್ರ, ಖಾರ್ವಿ, ಅಂಬಿಗ, ಗಾಬಿತ ಮೊದಲಾದ ಕಡಲ ಮಕ್ಕಳು ತಮ್ಮ ದೋಣಿಗಳನ್ನು ತೊಳೆದು, ಮಾವಿನ ತೋರಣ, ಚೆಂಡುಹೂವು, ಬಾವುಟಗಳಿಂದ ಸಿಂಗರಿಸಿ ಕೋಡಿಬಾಗದಿಂದಲೂ ಬೈತಖೋಲದ ಬಂದರದಿಂದಲೂ ಹೊರಡುತ್ತಾರೆ. ಗೋವೆಯ ಕಡೆಯಿಂದಲೂ, ಘಟ್ಟದ ಮೇಲಿನ ಊರುಗಳಿಂದಲೂ ಭಕ್ತರು ಬರುತ್ತಾರೆ. ಹರಕೆ ಹೊತ್ತವರ ಕೈಯಲ್ಲಿ ಬಾಳೆಯ ಗೊನೆ. ಇಷ್ಟು ಸರಳವಾದ ಉತ್ಸವವಿದು. ರಥವಿಲ್ಲ, ದೋಣಿಯೇ ರಥ.

ಒಂದು ವರ್ಷ ಗಾಳಿ ಹೆಚ್ಚಾಗಿದ್ದ ಪೂರ್ಣಿಮೆಯಂದು ಈ ಯಾತ್ರೆಯನ್ನು ನೋಡುವ ಯೋಗ ನನಗೊದಗಿತು. ನಾನು ದೋಣಿಯನ್ನೇರಲಿಲ್ಲ, ಕೋಡಿಬಾಗದ ಮರಳಿನ ಮೇಲೆ ಬೆಳಗಿನಿಂದ ಸಾಯಂಕಾಲದವರೆಗೆ ನಿಂತೆನು. ನನ್ನ ಕಣ್ಣಿಗೆ ಮೊದಲು ಬಿದ್ದುದು ಬಾವುಟಗಳ ದಿಕ್ಕು. ಬೆಳಿಗ್ಗೆ ಹೊರಟ ದೋಣಿಗಳ ಬಾವುಟಗಳು ಕಡಲ ಕಡೆಗೆ ಚಾಚಿದ್ದುವು. ನೆಲದಿಂದ ಬೀಸುವ ಮೂಡಗಾಳಿಯು ಅವುಗಳನ್ನು ದ್ವೀಪಕ್ಕೆ ದಾರಿ ತೋರಿಸುವಂತೆ ಹಿಡಿದಿತ್ತು. ನೀರು ಎಣ್ಣೆಯಂತೆ ನುಣುಪಾಗಿತ್ತು. ಹೊತ್ತು ನೆತ್ತಿಗೇರಿದ ಬಳಿಕ ಗಾಳಿ ಕೆಲವು ಕಾಲ ನಿಂತಿತು. ಆ ಮೇಲೆ ವಾಯವ್ಯದಿಂದ ಎದ್ದಿತು. ಬಾವುಟಗಳೆಲ್ಲ ನೆಲದ ಕಡೆಗೆ ಹೊರಳಿದುವು. ಮೂರು ಗಂಟೆಯ ಹೊತ್ತಿಗೆ ಅಳಿವೆಯ ಅಡ್ಡಕ್ಕೆ ಬೆಳ್ಳನೆಯ ನೊರೆಯ ಗೆರೆಯೊಂದು ಮೂಡಿತು. ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ನನ್ನ ಬಳಿ ನಿಂತಿದ್ದ ಮುದುಕಿಯೊಬ್ಬಳು ದ್ವೀಪದ ಕಡೆಗೆ ನೋಡುತ್ತ, "ಈಗ ಬರೂಕಾಗ, ಹೊತ್ತು ಹೋಯ್ತು" ಎಂದು ತನಗೆ ತಾನೇ ಹೇಳಿಕೊಂಡಳು. ಮಳೆಗಾಳಿಯಿಲ್ಲದೆ ಹವೆ ಕೆಡುವುದೆಂದರೆ ಏನೆಂಬುದು ಘಟ್ಟದ ಮೇಲಿನವನಾದ ನನಗೆ ಆ ಹೊತ್ತಿನವರೆಗೆ ತಿಳಿದಿರಲಿಲ್ಲ.

ಈ ಸೀಮೆಯ ಜಲೋತ್ಸವಗಳನ್ನು ತಿಥಿವಾರಾಗಿ ಜೋಡಿಸಿದರೆ ಅವು ಕಡಲಿನ ಹವೆಯ ಪಂಚಾಂಗವೇ ಆಗುತ್ತವೆ. ಜ್ಯೇಷ್ಠ ಆಷಾಢಗಳಲ್ಲಿ ನೈಋತ್ಯದ ಮಳೆಗಾಳಿ ಬಡಿಯುವಾಗ ನೀರಿನ ಮೇಲೆ ಯಾವ ಉತ್ಸವವೂ ಇಲ್ಲ. ಶ್ರಾವಣದ ಪೂರ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಕೊಡುತ್ತಾರೆ. ಸಮುದ್ರವು ಆಗಲೂ ಶಾಂತವಾಗಿರುವುದಿಲ್ಲ. ಆದುದರಿಂದಲೇ ಅದನ್ನು ಬೇಡಿಕೊಳ್ಳುವುದು. ಈಗ ಸರಕಾರವು ಯಂತ್ರದ ದೋಣಿಗಳಿಗೆ ಜೂನ್ ೧ರಿಂದ ಜುಲೈ ೩೧ರವರೆಗೆ ೬೧ ದಿನಗಳ ನಿಷೇಧವನ್ನು ವಿಧಿಸುತ್ತಿದೆ. ಆ ಅವಧಿಯು ಮುಗಿಯುವುದೂ ಶ್ರಾವಣದ ಆಸುಪಾಸಿನಲ್ಲಿಯೇ ಎಂಬುದು ಗಮನಿಸತಕ್ಕ ಸಂಗತಿ. ಆಶ್ವಯುಜ ಬಹುಳ ಅಷ್ಟಮಿಯಂದು, ಅಂದರೆ ಮಳೆ ಹಿಂದೆಗೆದು ಹೊಳೆಗಳು ತಿಳಿಯಾದ ಕಾಲಕ್ಕೆ, ಗೋಕರ್ಣದ ಮಹಾಬಲೇಶ್ವರನ ಉತ್ಸವವು ಗಂಗಾವಳಿಗೆ ಬರುತ್ತದೆ. ಗಂಗಾಮಾತೆಯೊಡನೆ ನಿಶ್ಚಯವು ಆಗ, ವಿವಾಹವು ನರಕ ಚತುರ್ದಶಿಗೆ. ಗಂಗಾವಳಿಯ ಆಚೆಯ ದಡವೇ ಅಂಕೋಲೆಯ ಸೀಮೆ. ಕೊನೆಯದಾಗಿ ಪುಷ್ಯದಲ್ಲಿ, ಮಳೆಯ ಸುಳಿವೇ ಇಲ್ಲದ ತಿಂಗಳಿನಲ್ಲಿ, ದೋಣಿಗಳು ಅಳಿವೆಯನ್ನು ದಾಟಿ ಕಡಲ ದ್ವೀಪಕ್ಕೇ ಹೋಗುತ್ತವೆ. ದಡದಲ್ಲಿ ನಿಂತು ಕಾಯಿ ಕೊಡುವುದು, ಹೊಳೆಯ ದಂಡೆಯಲ್ಲಿ ಮದುವೆ ಮಾಡುವುದು, ಕಡಲೊಳಗೆ ಹೋಗುವುದು, ಹೀಗೆ ಹವೆ ತಿಳಿಯಾದಂತೆ ದೇವರು ದಡದಿಂದ ದೂರ ಸಾಗುತ್ತಾನೆ. ಈ ಕ್ರಮವನ್ನು ಯಾರೋ ಒಬ್ಬರು ಕುಳಿತು ಗೊತ್ತುಮಾಡಿದರೆಂದು ನಾನು ಹೇಳುವುದಿಲ್ಲ. ಆದರೆ ಇದು ಆಕಸ್ಮಿಕವೆಂದೂ ಒಪ್ಪಲಾರೆನು.

ಈ ಪಂಚಾಂಗವನ್ನರಿಯದ ಪರದೇಶೀಯರಿಗೆ ಇದೇ ನೀರಿನಲ್ಲಿ ಒದಗಿದ ಗತಿಯನ್ನು ನೋಡಿದರೆ ಅದರ ಬೆಲೆ ತಿಳಿಯುತ್ತದೆ. ವಾಸ್ಕೊ ದ ಗಾಮನು ೧೪೯೮ರಲ್ಲಿ ಆಫ್ರಿಕದ ಮಾಲಿಂದಿಯಿಂದ ನಮ್ಮ ತೀರಕ್ಕೆ ಬರುವಾಗ ಮಾರ್ಗವನ್ನು ಬಲ್ಲ ನಾವಿಕನ ನೆರವಿನಿಂದ, ಋತುವಿನ ಗಾಳಿಯನ್ನು ಹಿಡಿದು, ಮೂರು ವಾರಗಳಿಗೆ ಸ್ವಲ್ಪ ಹೆಚ್ಚಿನ ಅವಧಿಯಲ್ಲಿ ಬಂದನು. ಮರಳುವಾಗ ಅಂಜದೀವದಲ್ಲಿ ಹಡಗುಗಳನ್ನು ದುರಸ್ತುಮಾಡಿಕೊಂಡು ಅಕ್ಟೋಬರ್ ೫ರಂದು ಲಂಗರೆತ್ತಿದನು. ಅದು ಈಶಾನ್ಯದ ಗಾಳಿ ನೆಲೆಗೊಳ್ಳುವ ಮೊದಲಿನ ಕಾಲ. ಒಮ್ಮೆ ಗಾಳಿಯೇ ಇಲ್ಲ, ಒಮ್ಮೆ ಇದಿರು ಗಾಳಿ; ಆಫ್ರಿಕದ ತೀರವು ಕಂಡುದು ೧೪೯೯ರ ಜನವರಿಯ ಮೊದಲಲ್ಲಿ. ಮೂರು ತಿಂಗಳ ಆ ಪ್ರಯಾಣದಲ್ಲಿ ಅವನ ಜನರಲ್ಲಿ ಸುಮಾರು ಮೂವತ್ತು ಮಂದಿ ರೋಗದಿಂದ ಸತ್ತರು. ಇನ್ನು ಕೆಲವು ವಾರ ಅಂಜದೀವದಲ್ಲಿಯೇ ಕಾದಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಎರಡನೆಯ ನಿದರ್ಶನಕ್ಕಾಗಿ ವಾಚಕರನ್ನು ಸ್ವಲ್ಪ ದೂರ, ಲಂಡನ್ನಿನ ಥೇಮ್ಸ್ ನದಿಯವರೆಗೆ, ಕರೆದೊಯ್ಯಬೇಕಾಗಿದೆ. ಅಲ್ಲಿಯ ಒಂದು ದೋಣಿಯುತ್ಸವಕ್ಕೂ ಕಾರವಾರದ ಕಡಲಿಗೂ ಇರುವ ಸಂಬಂಧವನ್ನು ಅರಿತಾಗ ನನಗೇ ಆಶ್ಚರ್ಯವಾಯಿತು. ಇಂಗ್ಲೆಂಡಿನ ಅರಸನಾದ ಎರಡನೆಯ ಚಾರ್ಲ್ಸನು ಪೋರ್ತುಗಾಲದ ರಾಜಪುತ್ರಿ ಕ್ಯಾಥರಿನಳನ್ನು ವರಿಸಿದನಷ್ಟೆ. ೧೬೬೨ರ ಆಗಸ್ಟ್ ೨೩ರಂದು, ಇಂಗ್ಲಿಷರ ಹಳೆಯ ತಾರೀಖಿನ ಪ್ರಕಾರ, ಹೊಸ ರಾಣಿಯನ್ನು ಥೇಮ್ಸ್ ನದಿಯ ಮೇಲೆ ದೋಣಿಗಳ ಮೆರವಣಿಗೆಯಿಂದ ಲಂಡನ್ನಿಗೆ ಕರೆತಂದರು. ದಿನಚರಿಯಿಂದ ಪ್ರಸಿದ್ಧನಾದ ಪೆಪಿಸ್ ಎಂಬವನು ಅರಮನೆಯ ಮಾಳಿಗೆಯೇರಿ ನೋಡಿ, ಹತ್ತು ಸಾವಿರ ದೋಣಿಗಳಿರಬಹುದೆಂದೂ, ಅವುಗಳ ದಟ್ಟಣೆಯಲ್ಲಿ ನೀರೇ ಕಾಣಲಿಲ್ಲವೆಂದೂ ಬರೆದಿಟ್ಟನು. ಈ ವಿವಾಹದ ಬಳುವಳಿಯಲ್ಲಿ ಮುಂಬಯಿ ದ್ವೀಪವೂ ಒಂದು. ಅದನ್ನು ವಶಪಡಿಸಿಕೊಳ್ಳಲು ಹೊರಟ ಸರ್ ಅಬ್ರಹಾಂ ಶಿಪ್‌ಮನ್ನನೂ ಸುಮಾರು ನಾನೂರು ಸಿಪಾಯಿಗಳೂ ಆ ಮೆರವಣಿಗೆಯ ದಿನ ಹಡಗುಗಳಲ್ಲಿ ಇದ್ದರು. ಸೆಪ್ಟೆಂಬರಿನಲ್ಲಿ ಅವರು ಮುಂಬಯಿಯನ್ನು ಮುಟ್ಟಿದಾಗ ಪೋರ್ತುಗೀಜರು ದ್ವೀಪವನ್ನು ಒಪ್ಪಿಸಲಿಲ್ಲ. ಇಳಿಯಲು ಬೇರೆ ನೆಲೆಯಿಲ್ಲದೆ ಆ ದಂಡು ಕಡೆಗೆ ಬಂದು ನಿಂತುದು ಕಾರವಾರದ ಇದಿರಿನ ಅಂಜದೀವದಲ್ಲಿ.

ಅಲ್ಲಿ ಅವರು ಎರಡು ಮಳೆಗಾಲಗಳನ್ನು ಕಳೆದರು. ಕಾರವಾರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನಷ್ಟು ಮಳೆ; ಅದರ ಬಹುಭಾಗವು ನಾಲ್ಕು ತಿಂಗಳಲ್ಲಿ ಸುರಿಯುತ್ತದೆ. ತಕ್ಕ ಮನೆಯಿಲ್ಲ, ಆಹಾರವಿಲ್ಲ, ಕಡಲು ಕುದಿಯುವಾಗ ದಡಕ್ಕೆ ಬರಲು ದೋಣಿಯಿಲ್ಲ. ಜ್ವರ, ಅತಿಸಾರಗಳಿಂದ ಒಬ್ಬೊಬ್ಬರಾಗಿ ಸತ್ತರು. ಶಿಪ್‌ಮನ್ನನೂ ೧೬೬೪ರಲ್ಲಿ ಅಲ್ಲಿಯೇ ಮಡಿದನು. ೧೬೬೫ರ ಫೆಬ್ರವರಿಯಲ್ಲಿ ಹಂಫ್ರಿ ಕುಕ್ಕನು ಮುಂಬಯಿಯನ್ನು ವಶಪಡಿಸಿಕೊಂಡಾಗ ಅವನೊಡನೆ ಉಳಿದಿದ್ದ ಸಿಪಾಯಿಗಳು ನೂರರ ಆಸುಪಾಸಿನವರು ಮಾತ್ರ. ಥೇಮ್ಸಿನ ಮೆರವಣಿಗೆಯ ಚರಿತ್ರೆಯನ್ನು ಬರೆಯುವವರು ಅಂಜದೀವದ ಗೋರಿಗಳನ್ನು ಅದರ ಕೊನೆಯ ಪುಟವೆಂದು ಎಣಿಸಿದರೆ ತಪ್ಪಾಗದು. ಅದಕ್ಕೆ ಸಮನಾದ ಇನ್ನೊಂದು ದೊಡ್ಡ ದೋಣಿಯುತ್ಸವವು ಆ ನದಿಯಲ್ಲಿ ನಡೆದುದು ೨೦೧೨ರ ಜೂನ್ ೩ರಂದು, ರಾಣಿ ಎಲಿಜಬೆತ್ತಳ ಸಿಂಹಾಸನಾರೋಹಣದ ಅರುವತ್ತನೆಯ ವರ್ಷದ ಸಂಭ್ರಮದಲ್ಲಿ. ಆ ದಿನ ಚಳಿಮಳೆ ಹಿಡಿದು, ವಿಮಾನಗಳ ಪ್ರದರ್ಶನವನ್ನು ನಿಲ್ಲಿಸಬೇಕಾಯಿತು; ದೋಣಿಗಳ ಸಾಲು ಮಾತ್ರ ನಿಲ್ಲಲಿಲ್ಲ. ಅವು ನಿರ್ವಿಘ್ನವಾಗಿ ಸಾಗುವಂತೆ ನದಿಯ ಕೆಳಗಿನ ತಡೆಬಾಗಿಲುಗಳನ್ನು ಮುಚ್ಚಿ ಕಡಲಿನ ಭರತ ಇಳಿತಗಳನ್ನೇ ತಡೆಹಿಡಿದಿದ್ದರೆಂಬುದನ್ನು ನೆನಪಿಡಬೇಕು. ಮುಂದೆ ಅದರಿಂದ ಕೆಲಸವಿದೆ.

ಕುಕ್ಕನು ಮುಂಬಯಿಗೆ ಕಾಲಿಟ್ಟ ಆ ಫೆಬ್ರವರಿ ತಿಂಗಳಿನಲ್ಲಿಯೇ ಕಾರವಾರದ ಕಡಲು ಇನ್ನೊಂದು ದೊಡ್ಡ ನೌಕಾಪಂಕ್ತಿಯನ್ನು ಕಂಡಿತು. ಶಿವಾಜಿ ಮಹಾರಾಜನು ೮೫ ಗಲಬತ್ತುಗಳನ್ನೂ ಮೂರು ದೊಡ್ಡ ಹಡಗುಗಳನ್ನೂ ಕೂಡಿಕೊಂಡು ಮಾಲವಣದಿಂದ ಹೊರಟು, ನಮ್ಮ ತೀರದುದ್ದಕ್ಕೂ ದಕ್ಷಿಣಕ್ಕೆ ಸಾಗಿ, ಬಸರೂರನ್ನು ಸೂರೆಗೊಂಡನು. ಹಿಂದಿರುಗುವಾಗ ಶಿವರಾತ್ರಿಯ ಪರ್ವಕ್ಕೆ ಗೋಕರ್ಣದಲ್ಲಿ ಇಳಿದು ತೀರ್ಥಸ್ನಾನವನ್ನು ಮಾಡಿದನು. ಅಲ್ಲಿಂದ ನೌಕಾಬಲದ ಬಹುಭಾಗವನ್ನು ಮುಂದೆ ಕಳುಹಿ, ಹನ್ನೆರಡು ಗಲಬತ್ತುಗಳನ್ನು ಮಾತ್ರ ಉಳಿಸಿಕೊಂಡು, ನಾಲ್ಕು ಸಾವಿರ ಕಾಲಾಳುಗಳೊಡನೆ ನೆಲದ ದಾರಿಯಿಂದ ಅಂಕೋಲೆಗೂ, ಅಲ್ಲಿಂದ ಕಾರವಾರಕ್ಕೂ ಬಂದನು. ಹನ್ನೆರಡು ನೌಕೆಗಳನ್ನು ಉಳಿಸಿಕೊಂಡುದು ದಾರಿಯ ಹೊಳೆಗಳನ್ನು ದಾಟಿಸುವುದಕ್ಕೆ. ಗೋಕರ್ಣದಿಂದ ಅಂಕೋಲೆಗೆ ಬರುವವನು ಗಂಗಾವಳಿಯನ್ನು ದಾಟಲೇಬೇಕು. ಕಾರವಾರದಿಂದ ಉತ್ತರಕ್ಕೆ ಹೋಗುವವನು ಕಾಳಿಯನ್ನು ದಾಟಲೇಬೇಕು. ಕಾರವಾರದಲ್ಲಿದ್ದ ಇಂಗ್ಲಿಷರು ಸುದ್ದಿ ತಿಳಿದೊಡನೆ ಕಂಪನಿಯ ಹಣವನ್ನೂ ಬೆಲೆಬಾಳುವ ಸರಕನ್ನೂ ಹೊಳೆಯಲ್ಲಿ ನಿಂತಿದ್ದ ಮಸ್ಕತದ ಇಮಾಮನ ಸಣ್ಣ ಹಡಗಿಗೆ ಸಾಗಿಸಿ ತಾವೂ ಅದನ್ನೇರಿದರು. ಬಿಜಾಪುರದ ಅಧಿಕಾರಿ ಶೇರಖಾನನು ಊರಿನಲ್ಲಿದ್ದುದರಿಂದ ಕಾಳಗಕ್ಕೆ ಹೋಗದೆ ಕಾಣಿಕೆಯನ್ನು ಪಡೆದು ಮಹಾರಾಜನು ಮುಂದೆ ಸಾಗಿದನು. ಇಂಗ್ಲಿಷರ ಪಾಲಿಗೆ ಬಂದ ಹಣ ೧೧೨ ಪೌಂಡು.

ಈ ಯಾತ್ರೆಯಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾದುದು ಸೂರೆಯೂ ಅಲ್ಲ, ಕಾಣಿಕೆಯೂ ಅಲ್ಲ; ಗಾಳಿ. ಮರಾಠರ ಇತಿಹಾಸವನ್ನು ೧೮೨೬ರಲ್ಲಿ ಪ್ರಕಟಿಸಿದ ಗ್ರಾಂಟ್ ಡಫ್ಫನು, ವಾಯವ್ಯದ ಬಿರುಗಾಳಿಯು ಈ ನೌಕಾಬಲವನ್ನು ಹಲವು ದಿನ ಮರಳಗೊಡಲಿಲ್ಲವೆಂದು ಹೇಳುತ್ತಾನೆ. ತಿಂಗಳು ಮಾಘ, ಮಳೆಗಾಲವಲ್ಲ. ಪಂಚಾಂಗದ ಲೆಕ್ಕಕ್ಕೆ ಇದು ಕಡಲ ಸಂಚಾರಕ್ಕೆ ಒಳ್ಳೆಯ ಕಾಲವೇ. ಆದರೂ ದಕ್ಷಿಣಕ್ಕೆ ಹೋಗುವಾಗ ಬೆನ್ನಿಗಿದ್ದ ಗಾಳಿ ಉತ್ತರಕ್ಕೆ ಮರಳುವಾಗ ಎದೆಗೆ ಬಂದಿತು. ಕೋಡಿಬಾಗದ ದಡದಲ್ಲಿ ನಾನು ಕಂಡ ಬಾವುಟಗಳನ್ನು ಹೊರಳಿಸಿದ ಗಾಳಿಯ ದಿಕ್ಕೂ ಇದೇ.

ಇಲ್ಲಿ ಹವೆಯ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ. ಚಳಿಗಾಲದಲ್ಲಿ ರಾತ್ರಿಯಿಂದ ಬೆಳಗಿನವರೆಗೆ ತಣ್ಣಗಾದ ನೆಲದಿಂದ ಕಡಲಿಗೆ ಗಾಳಿ ಬೀಸುತ್ತದೆ. ಬಿಸಿಲೇರಿ ನೆಲ ಕಾದಾಗ ಅದು ನಿಂತು, ಮಧ್ಯಾಹ್ನದ ಮೇಲೆ ಕಡಲಿನಿಂದ ನೆಲಕ್ಕೆ ಬೀಸತೊಡಗುತ್ತದೆ. ಈ ತೀರದಲ್ಲಿ ಅದರ ದಿಕ್ಕು ಪಶ್ಚಿಮ, ವಾಯವ್ಯ. ಇದು ನಿತ್ಯದ ವ್ಯಾಪಾರ. ಪೂರ್ಣಿಮೆ ಅಮಾವಾಸ್ಯೆಗಳಲ್ಲಿ ಇದರೊಡನೆ ಇನ್ನೊಂದು ಕಾರಣವು ಕೂಡುತ್ತದೆ. ಆ ದಿನಗಳಲ್ಲಿ ಭರತವು ಹೆಚ್ಚು, ಇಳಿತವೂ ಹೆಚ್ಚು. ನೀರಿನ ಸೆಳೆತವು ಉಳಿದ ದಿನಗಳಿಗಿಂತ ಬಿರುಸು. ಕಾರವಾರದ ತೀರದಲ್ಲಿ ಹುಣ್ಣಿಮೆಯ ಹಗಲಿನ ಭರತವು ಮಧ್ಯಾಹ್ನದ ಆಸುಪಾಸಿನಲ್ಲಿ ತುಂಬುತ್ತದೆ. ಅಲ್ಲಿಂದ ಸಂಜೆಯವರೆಗೆ ಇಳಿತ. ಅಂದರೆ ಮಧ್ಯಾಹ್ನದ ಮೇಲೆ ಕಾಳಿಯ ನೀರೆಲ್ಲ ಅಳಿವೆಯಿಂದ ಹೊರಕ್ಕೆ ಧಾವಿಸುವಾಗ ಗಾಳಿಯು ಒಳಕ್ಕೆ ನುಗ್ಗುತ್ತಿರುತ್ತದೆ. ಇದಿರುಬದಿರಾದ ನೀರು ಗಾಳಿಗಳ ನಡುವೆ ಅಲೆಯು ಕುಳ್ಳಾಗಿ, ಕಡಿದಾಗಿ, ಮುರಿಯುತ್ತದೆ. ನಾನು ಕಂಡ ನೊರೆಯ ಗೆರೆ ಅದೇ. ಥೇಮ್ಸಿನಂತೆ ಮುಚ್ಚುವುದಕ್ಕೆ ಕಾಳಿಗೆ ಬಾಗಿಲಿಲ್ಲ.

ಆದುದರಿಂದ ಪುಷ್ಯ ಪೂರ್ಣಿಮೆಯ ಆಯ್ಕೆಯಲ್ಲಿ ಒಂದು ವಿರೋಧವಿರುವಂತೆ ಕಾಣುತ್ತದೆ. ತಿಂಗಳು ಅತ್ಯಂತ ಸುರಕ್ಷಿತವಾದುದು. ತಿಥಿಯಾದರೋ ಸೆಳೆತವು ಅತ್ಯಂತ ಬಿರುಸಾದುದು. ನನ್ನ ಅಭಿಪ್ರಾಯದಲ್ಲಿ ಇದು ವಿರೋಧವಲ್ಲ. ಹುಟ್ಟು ಹಾಯಿಗಳ ಕಾಲದಲ್ಲಿ ಬೆಳಗಿನ ಮೂಡಗಾಳಿಯಲ್ಲಿ ಹೊರಟು ದ್ವೀಪವನ್ನು ಸೇರುವುದೂ, ಕಡಲಗಾಳಿಯು ಎಳೆಯದಾಗಿರುವಾಗಲೇ ಏರುತ್ತಿರುವ ಭರತದೊಡನೆ ಹೊಳೆಯೊಳಕ್ಕೆ ಮರಳುವುದೂ ಸುಲಭ. ಯಂತ್ರವಿಲ್ಲದ ದೋಣಿಗೆ ಹುಣ್ಣಿಮೆಯ ಭರತವೇ ಎತ್ತು. ಆದರೆ ಅದರ ಲಾಭವು ಹೊತ್ತನ್ನು ಕಾಯುವವನಿಗೆ ಮಾತ್ರ. ಹೊತ್ತು ತಪ್ಪಿದವನಿಗೆ ಅದೇ ನೀರು ಹಗೆ. ತಿಂಗಳನ್ನೂ ತಿಥಿಯನ್ನೂ ಪುರೋಹಿತರು ಪಂಚಾಂಗ ನೋಡಿ ಹೇಳಬಲ್ಲರು. ಹೊತ್ತನ್ನು ಹೇಳುವವನು ಅಂಬಿಗನು. ಅವನು ಅದನ್ನು ಎಲ್ಲಿಯೂ ಬರೆದಿಡಲಿಲ್ಲ.

ಅಂಬಿಗರ ಈ ಅರಿವಿಗೆ ಬರಹದ ಸಾಕ್ಷ್ಯ ಬೇಕೆನ್ನುವವರಿಗೆ ಒಂದು ಅನಿರೀಕ್ಷಿತ ಸ್ಥಳದಲ್ಲಿ ಸುಳಿವು ದೊರೆಯುತ್ತದೆ. ರವೀಂದ್ರನಾಥ ಠಾಕೂರರು ತಮ್ಮ ಯೌವನದಲ್ಲಿ, ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಕೆಲವು ಕಾಲ ಇದ್ದರು. ಒಂದು ಬೆಳುದಿಂಗಳ ರಾತ್ರಿ ಸಣ್ಣ ದೋಣಿಯಲ್ಲಿ ಕಾಳಿಯ ಮೇಲಕ್ಕೆ ಹೋಗಿ, ಹಳೆಯ ಗುಡ್ಡದ ಕೋಟೆಯೊಂದನ್ನು ನೋಡಿ, ರೈತನೊಬ್ಬನ ಅಂಗಳದಲ್ಲಿ ಊಟಮಾಡಿ, ಹರಿವಿನೊಡನೆ ಕೆಳಗೆ ಬಂದ ವೃತ್ತಾಂತವನ್ನು ತಮ್ಮ ಜೀವನಸ್ಮೃತಿಯಲ್ಲಿ ವರ್ಣಿಸಿದ್ದಾರೆ. ಅಳಿವೆಯನ್ನು ಸೇರುವ ಹೊತ್ತಿಗೆ ಬಹಳ ತಡವಾದುದರಿಂದ ಕಡಲಿನ ಮೂಲಕ ಮರಳದೆ ಅಲ್ಲಿಯೇ ಇಳಿದು ಮರಳಿನ ಮೇಲೆ ನಡೆದು ಮನೆ ಸೇರಿದರಂತೆ. ಆ ನಡಿಗೆಯಿಂದ ಒಂದು ಕವಿತೆ ಹುಟ್ಟಿತು. ಸಾಹಿತ್ಯದ ಚರಿತ್ರಕಾರರು ಅಲ್ಲಿಗೆ ನಿಲ್ಲುತ್ತಾರೆ. ತಡವಾಯಿತೆಂಬ ಕಾರಣ ಕವಿಗೆ ಸಾಕಾಗಿತ್ತು. ಬೆಳುದಿಂಗಳ ನಡುರಾತ್ರಿಯಲ್ಲಿ ಅಳಿವೆಯನ್ನು ದಾಟದೆ ಜನರನ್ನು ದಡಕ್ಕಿಳಿಸಿದ ಅಂಬಿಗನಿಗೆ ಬೇರೆ ಕಾರಣವೂ ಇದ್ದಿರಬೇಕೆಂದು ನನ್ನ ಊಹೆ.

೨೦೧೯ರ ಜನವರಿ ೨೧ರಂದು, ಪುಷ್ಯ ಪೂರ್ಣಿಮೆಯ ದಿನ, ಕೂರ್ಮಗಡದಿಂದ ಮಧ್ಯಾಹ್ನದ ಮೇಲೆ ಮರಳುತ್ತಿದ್ದ ದೋಣಿಯೊಂದು ಅಲೆಗಳ ಹೊಡೆತಕ್ಕೆ ಮಗುಚಿತು. ಅದರಲ್ಲಿ ಮೂವತ್ತಕ್ಕೂ ಹೆಚ್ಚು ಜನರಿದ್ದರು. ದೋಣಿಗೆ ಅದು ಮಿತಿಮೀರಿದ ಭಾರ. ಹದಿನಾರು ಮಂದಿ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಸತ್ತವರಲ್ಲಿ ಹಲವರು ಹಾವೇರಿ ಜಿಲ್ಲೆಯಿಂದ ಬಂದವರು, ಕಡಲಿನ ಬಳಕೆಯಿಲ್ಲದವರು. ಆ ದಿನದ ಹುಣ್ಣಿಮೆ ಸಾಮಾನ್ಯವಾದುದಲ್ಲ. ಚಂದ್ರನು ಭೂಮಿಗೆ ಅತಿ ಸಮೀಪಕ್ಕೆ ಬಂದ ದಿನವೂ ಅದೇ. ಭೂಮಿಯ ಇನ್ನೊಂದು ಪಾರ್ಶ್ವದಲ್ಲಿ ಸಂಪೂರ್ಣ ಚಂದ್ರಗ್ರಹಣವು ಕಾಣಿಸಿತು. ಅಂತಹ ದಿನ ಭರತ ಇಳಿತಗಳು ಉಳಿದ ಹುಣ್ಣಿಮೆಗಳಿಗಿಂತಲೂ ದೊಡ್ಡವಾಗಿರುತ್ತವೆ. ದುರಂತಕ್ಕೆ ಇದೊಂದೇ ಕಾರಣವೆಂದು ನಾನು ಹೇಳುತ್ತಿಲ್ಲ; ಭಾರ ಹೆಚ್ಚಾದ ದೋಣಿಯು ಯಾವ ದಿನವೂ ಅಪಾಯವೇ. ತಪ್ಪು ಯಾರದೆಂದು ಗೊತ್ತುಮಾಡುವುದು ಈ ಪತ್ರಿಕೆಯ ಕೆಲಸವೂ ಅಲ್ಲ. ಆದರೆ ಪಂಚಾಂಗ ಬಲ್ಲ ಮನೆಗಳಲ್ಲೆಲ್ಲ ಗ್ರಹಣವು ಗೋಚರವೋ ಅಲ್ಲವೋ ಎಂಬುದು ಆ ದಿನ ಗೊತ್ತಿತ್ತು. ಅದೇ ಚಂದ್ರನು ಅಳಿವೆಯ ನೀರನ್ನು ಎಷ್ಟು ಎಳೆಯುವನೆಂಬುದನ್ನು ದೋಣಿ ಹತ್ತುವವರಿಗೆ ಹೇಳುವವರು ಇರಲಿಲ್ಲ. ಹಿಂದೆ ದೋಣಿ ಹತ್ತುವವನೂ ನಡೆಸುವವನೂ ಒಂದೇ ಕೇರಿಯವರು. ಈಗ ಹತ್ತುವವರು ದೂರದ ಯಾತ್ರಿಕರು. ಯಂತ್ರವಿರುವುದರಿಂದ ಯಾವ ಹೊತ್ತಿಗಾದರೂ ಮರಳಬಹುದೆಂಬ ನಂಬಿಕೆ ಇಬ್ಬರಿಗೂ ಬಂದಿದೆ. ಆ ಬಳಿಕದ ಜಾತ್ರೆಗಳಲ್ಲಿ ಜೀವರಕ್ಷಕ ಕವಚವನ್ನು ತೊಡಲೇಬೇಕೆಂದು ಗೊತ್ತುಮಾಡಿದುದು ಉಚಿತವೇ. ಮರಳುವ ಹೊತ್ತನ್ನೂ ಭರತದ ಲೆಕ್ಕಕ್ಕೆ ಕಟ್ಟಿ, ಹಿಂದಿನ ದಿನವೇ ಕೋಡಿಬಾಗದಲ್ಲಿಯೂ ಬೈತಖೋಲದಲ್ಲಿಯೂ ಡಂಗುರ ಸಾರಿಸಿದರೆ ಇನ್ನೂ ಉಚಿತ. ಅದಕ್ಕೆ ಹೆಚ್ಚಿನ ವೆಚ್ಚವೇನೂ ಇಲ್ಲ.

ಅಂಬಿಗರ ಅರಿವು ಕ್ಷೀಣಿಸಿದುದಕ್ಕೆ ಯಂತ್ರದ ದೋಣಿಗಿಂತಲೂ ಸೇತುವೆಯೇ ಹೆಚ್ಚಿನ ಕಾರಣವೆಂದು ತೋರುತ್ತದೆ. ಕಾಳಿಗೆ ಸೇತುವೆಯಾಗುವ ಮೊದಲು ಕೋಡಿಬಾಗ ಸದಾಶಿವಗಡಗಳ ನಡುವೆ ತಾರಿಯ ದೋಣಿಗಳು ಹಗಲಿಡೀ ಅಳಿವೆಯ ನೀರನ್ನು ದಾಟುತ್ತಿದ್ದುವು. ಪ್ರತಿದಿನದ ಸೆಳೆತ, ಪ್ರತಿದಿನದ ಗಾಳಿ ಅವರ ಕೈಗೆ ಗೊತ್ತು. ೧೯೮೦ರ ದಶಕದಲ್ಲಿ ಸೇತುವೆಯ ಮೇಲೆ ಸಂಚಾರವು ಆರಂಭವಾದ ಮೇಲೆ ಆ ಕಸುಬು ನಿಂತಿತು. ಅಂದಿನ ತಾರಿಯವರಲ್ಲಿ ಬದುಕಿರುವವರು ಈಗ ಮುದುಕರು. ಭರತ ಇಳಿತಗಳ ಘಟ್ಟಗಳಿಗೂ, ಗಾಳಿಯ ದಿಕ್ಕುಗಳಿಗೂ, ಅಳಿವೆಯ ಮರಳ ದಿಣ್ಣೆಗಳಿಗೂ ಕನ್ನಡ ಕೊಂಕಣಿಗಳಲ್ಲಿ ಅವರು ಬಳಸುತ್ತಿದ್ದ ಹೆಸರುಗಳನ್ನು ಕೇಳಿ ಬರೆದಿಡಬೇಕೆಂದು ಜಿಲ್ಲೆಯ ವಿದ್ಯಾರ್ಥಿಗಳಲ್ಲಿ ನನ್ನ ವಿಜ್ಞಾಪನೆ. ಅಂಕೋಲೆಯ ಮಂಜಗುಣಿಯಲ್ಲಿ, ಬೇಲೆಕೇರಿಯಲ್ಲಿ ಸಹ ಈ ಕೆಲಸವಾಗಬೇಕು.

ಆ ಸೇತುವೆಯು ಸುಮಾರು ನಲವತ್ತು ವರ್ಷ ನಿಂತು, ೨೦೨೪ರ ಆಗಸ್ಟ್ ೭ರ ನಡುರಾತ್ರಿಯ ಬಳಿಕ ಮುರಿದು ಕಾಳಿಯಲ್ಲಿ ಬಿದ್ದಿತು. ಶ್ರಾವಣವು ಆಗತಾನೇ ಹುಟ್ಟಿದ್ದಿತು. ಕಡಲಿಗೆ ಕಾಯಿ ಕೊಡುವ ಹುಣ್ಣಿಮೆಗೆ ಇನ್ನೂ ಹನ್ನೆರಡು ದಿನ. ಮಳೆಗಾಲದ ಹೊಳೆಗೆ, ಕತ್ತಲಲ್ಲಿ, ಲಾರಿಯೊಂದು ಸೇತುವೆಯೊಡನೆ ಉರುಳಿತ್ತು. ಅದರ ಚಾಲಕನು ಲಾರಿಯ ಮೇಲೇರಿ ಕೂಗಿಕೊಳ್ಳುತ್ತಿರಲು, ಮೀನುಗಾರರೂ ಪೋಲೀಸರೂ ದೋಣಿಯಲ್ಲಿ ಹೋಗಿ ಅವನನ್ನು ಜೀವಸಹಿತ ದಡಕ್ಕೆ ತಂದರು.